ಕರಿಬೇವಿನ ಬೈಗುಳ

ನಾನು ಒಂದು ಕರಿಬೇವಿನ ಗಿಡ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನ ಗೋಡೆ ಬುಡದಲ್ಲಿ, ಯಾವುದೋ ಹಕ್ಕಿ ಉದುರಿಸಿದ ಬೀಜದಿಂದ ಹುಟ್ಟಿದೆ. ಅಲ್ಲಿಂದ ನನ್ನನ್ನು ಕಿತ್ತು ತಂದು, ಹಿತ್ತಲಲ್ಲಿ ನೆಟ್ಟು, ಹುಳಿ ಮಜ್ಜಿಗೆ ಹೊಯ್ದು ಬೆಳೆಸಿದವಳು ನೀಲವ್ವ.

ಕಾಲಿಲ್ಲದ ನಾವು ತಿನ್ನಲು ಬಂದವರಿಂದ ಓಡುವುದೆಲ್ಲಿಗೆ? ಅದಕ್ಕೇ ಎಳೆತನದಲ್ಲೇ ಎಲೆಯೆಲೆಯಲ್ಲೂ ಎಣ್ಣೆಯ ಸಣ್ಣ ಚುಕ್ಕೆಗಳನ್ನು ತುಂಬಿಕೊಂಡೆ. ಯಾರಾದರೂ ಕಚ್ಚಿದರೆ ಚುಕ್ಕೆ ಒಡೆದು ಘಾಟು ಹೊಮ್ಮುತ್ತದೆ. 'ಮುಟ್ಟಬೇಡ, ನಡೆ ಆಚೆ' ಎಂಬ ಬೈಗುಳ ಅದು. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ನಮ್ಮ ಓಣಿಯ ಆಡು ಒಮ್ಮೆ ಬಾಯಿ ಹಾಕಿ, ತಲೆ ಕೊಡವಿ ಹೋದದ್ದು ಮತ್ತೆ ತಿರುಗಿ ನೋಡಲಿಲ್ಲ. ಮನುಷ್ಯರು ಮಾತ್ರ ನನ್ನ ಬೈಗುಳವನ್ನು ಊಟದ ಕರೆ ಎಂದೇ ತಿಳಿದರು. ನೀಲವ್ವನ ಮನೆಯಲ್ಲಂತೂ ತಟ್ಟೆಯಲ್ಲಿ ಒಂದು ಎಲೆಯನ್ನೂ ಬಿಡುವಂತಿರಲಿಲ್ಲ; ಬಿಟ್ಟವರಿಗೆ ಅವಳ ಬೈಗುಳ ಬೇರೆ.

ಅವಳ ಸೊಸೆ ಸುವರ್ಣಾ ಬಸುರಾದಾಗ ಹೊಟ್ಟೆಯಲ್ಲಿ ಏನೂ ನಿಲ್ಲದಾಯಿತು. ನೀರು ಕುಡಿದರೂ ವಾಂತಿ. ನನ್ನ ಚಿಗುರು ಅರೆದು ಮಜ್ಜಿಗೆಯಲ್ಲಿ ಕದಡಿ ಕೊಟ್ಟರೆ ಅದಷ್ಟೇ ನಿಲ್ಲುತ್ತಿತ್ತು. ಸೊರಗಿ ಕಡ್ಡಿಯಾಗಿದ್ದ ಆ ಹುಡುಗಿಯನ್ನು ಕಂಡು, ಯಾರಾದರೂ ನನ್ನನ್ನು ತಿನ್ನಲಿ ಎಂದು ಮೊದಲ ಬಾರಿ ಬಯಸಿದೆ.

ಆಗಲೇ ಒಂದು ಚಿಟ್ಟೆ ಬಂತು. ಅದಕ್ಕೂ ನನ್ನ ಘಾಟೇ ದಾರಿ ತೋರಿಸಿತ್ತು. ಚಿಗುರಿಗೆ ಮೊಟ್ಟೆ ಅಂಟಿಸಿ ಹೋಯಿತು. ಹುಟ್ಟಿದ ಮರಿಹುಳಗಳು ನೋಡಲು ಹಕ್ಕಿಯ ಹಿಕ್ಕೆಯಂತಿದ್ದುದರಿಂದ ಯಾರೂ ಗಮನಿಸಲಿಲ್ಲ. ನಾನು ಎಷ್ಟು ಬೈದರೂ ಅವುಗಳಿಗೆ ಕಿವಿಯೇ ಇಲ್ಲ. ಉಂಡುಂಡು ಹಸಿರಾಗಿ, ದಪ್ಪಗಾದವು.

ಒಂದು ಬೆಳಿಗ್ಗೆ ಬೋಳು ರೆಂಬೆಗಳನ್ನು ಕಂಡ ನೀಲವ್ವ ಚಪ್ಪಲಿ ಕೈಗೆತ್ತಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಸುವರ್ಣಾ ಕೂಗಿದಳು: "ಬ್ಯಾಡ್ರಿ ಅತ್ತಿ! ಮನ್ಯಾಗ ಬಸುರಿ ಇದ್ದಾಗ ಜೀವಾ ತಗೀಬಾರದು ಅಂತ, ಚೇಳು ಹೊಡಿಯಾಕ ಹೋದ ಮಗನ್ನ ನೀವ ತಡದಿದ್ರಿ."

"ತಡದಿದ್ದೆ, ಖರೆ. ಆದ್ರ ಗಿಡಾ ಬೋಳಾದ್ರ ನಿನಗ ಏನ್ ಕುಡಸ್ಲಿ, ನನ್ನ ತಲಿ?" ಎಂದ ನೀಲವ್ವನ ಕಣ್ಣು ತುಂಬಿತು.

ಚಪ್ಪಲಿ ಕೆಳಗಿಟ್ಟು ಹುಳ ಹಿಡಿಯಹೋದಳು. ಅದು ತಲೆಯಿಂದ ಕೆಂಪು ಕೊಂಬು ಚಾಚಿ ನಾತ ಬಿಟ್ಟಿತು. ಅಲ್ಲಿಗೆ, ಅದರದ್ದೂ ಒಂದು ಬೈಗುಳ! ನೀಲವ್ವ ಮೂಗಿಗೆ ಸೆರಗು ಹಿಡಿದು, ಒಂದೊಂದನ್ನೇ ಮೊರಕ್ಕೆ ಹಾಕಿಕೊಂಡು, ಈಶ್ವರನ ಗುಡಿಯ ಬಿಲ್ವಪತ್ರೆ ಮರಕ್ಕೆ ಬಿಟ್ಟು ಬಂದಳು. "ವಿಷಾ ಕುಡದಾಂವ, ಇವನ್ನೂ ನೀನ ಸಾಕಪ್ಪಾ" ಎಂದು ಬೇಡಿಕೊಂಡಳಂತೆ.

ಅವಳ ಕಣ್ಣು ತಪ್ಪಿಸಿದ ಮರಿಗಳು ಇನ್ನೂ ಇದ್ದವು. ಆದರೆ ಕಡಿಸಿಕೊಂಡ ಎಲೆಯ ವಾಸನೆ ಗಾಳಿಯಲ್ಲಿ ಹೋಗಿ ಎಳ್ಳಿನಷ್ಟು ಸಣ್ಣ ಕಣಜದ ಹುಳಗಳನ್ನು ಕರೆತಂದಿತು. ಅವು ಮರಿಗಳ ಮೈಯೊಳಗೆ ಮೊಟ್ಟೆಯಿಟ್ಟವು. ಮೊಟ್ಟೆಯೊಡೆದು ಬಂದವು ಒಳಗಿಂದಲೇ ತಿನ್ನತೊಡಗಿ, ಕೆಲವೇ ದಿನಗಳಲ್ಲಿ ಮರಿಗಳ ಮೇವು ನಿಂತಿತು. ನನ್ನ ತುದಿಗಳು ಚಿಗುರಿದವು. ಸುವರ್ಣಾಳಿಗೆ ಮತ್ತೆ ಮಜ್ಜಿಗೆ ಸಿಕ್ಕಿತು. "ದೇವರ ಕಣ್ಣ ತೆರದ" ಎಂದಳು ನೀಲವ್ವ. ಪಾಪ, ಕಣಜದ ಸುದ್ದಿ ಅವಳಿಗೇನು ಗೊತ್ತು.

ಈಗ ನನಗೆ ವಯಸ್ಸಾಯಿತು. ಕಾಂಡ ಗಂಟುಗಂಟಾಗಿದೆ. ಅಡುಗೆಮನೆಯ ಕಿಟಕಿಯಿಂದ ಸುವರ್ಣಾಳ ಮಗಳು ಶಿವಲೀಲಾ ಉಪ್ಪಿಟ್ಟು ತಿನ್ನುವುದು ಕಾಣುತ್ತದೆ. ನನ್ನ ಎಲೆ ಸಿಕ್ಕರೆ ಮೂಗು ಮುರಿದು, ಎತ್ತಿ ತಟ್ಟೆಯ ಅಂಚಿಗಿಡುತ್ತಾಳೆ.

"ಇದನ್ನ ಕುಡದ ಭೂಮಿಗೆ ಬಂದಾಕಿ ನೀ!" ಎಂದು ನೀಲವ್ವ ಗದರುತ್ತಾಳೆ.

"ವಾಸನಿ ಬರತೈತಿ, ನಾ ಒಲ್ಲೆ."

ನನ್ನ ಬೈಗುಳವನ್ನು ಬೈಗುಳವೆಂದೇ ತಿಳಿದ ಮನುಷ್ಯಪ್ರಾಣಿ ಈ ಮನೆಯಲ್ಲಿ ಅವಳೊಬ್ಬಳೇ. ಗೆದ್ದೆ ಎಂದು ನಾನು ಹಿಗ್ಗಬೇಕಿತ್ತು. ಆದರೆ ಅವಳು ಎಲೆ ಎತ್ತಿಡುವಾಗಲೆಲ್ಲ, ಒಂದಾದರೂ ತಿನ್ನೇ ಮಗಳೇ ಅನ್ನಿಸುತ್ತದೆ.