ಎರಡು ಸೆಕೆಂಡಿನ ಸದ್ದು

"ಅಮ್ಮ, ನಿನ್ನ ಪೇಷಂಟು ಮತ್ತೆ ಮಲಗಿದ," ಎಂದಳು ಮಗಳು ಫೋನಿನಲ್ಲಿ. ನಗಿಸಲೆಂದೇ ಹೇಳಿದ ಮಾತು. ದನಿಯಲ್ಲಿ ನಗು ಇರಲಿಲ್ಲ.

ಗಡಿಯಾರ ನೋಡಿದೆ. ಹನ್ನೊಂದೂ ಕಾಲು. ಪ್ರತಿ ಸಲವೂ ಹೆಚ್ಚುಕಡಿಮೆ ಇದೇ ಹೊತ್ತು. ಬೆಳಗಿನ ಜಾವ ಬೇಕರಿಯಿಂದ ಬ್ರೆಡ್ಡು ತುಂಬಿಕೊಂಡು ಹೊರಡುವ ಅವಳ ಪೆಟ್ರೋಲ್ ಟ್ರಕ್ಕು ಬಿಸಿಲೇರುವ ತನಕ ತಕರಾರಿಲ್ಲದೆ ಓಡುತ್ತದೆ. ಆಮೇಲೆ ಎಲ್ಲೋ ನಡುರಸ್ತೆಯಲ್ಲಿ ಉಸಿರು ನಿಲ್ಲಿಸುತ್ತದೆ. ಅರ್ಧ ಗಂಟೆ ಸುಮ್ಮನೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಶುರುವಾಗುತ್ತದೆ. ಮೂರು ವಾರದ ಹಿಂದೆ ಟ್ಯಾಂಕ್ ಇಳಿಸಿ, ಒಳಗಿನ ಪೆಟ್ರೋಲ್ ಪಂಪು ತೆಗೆದು, ಹೊಸದು ಹಾಕಿದವಳು ನಾನೇ. ಎರಡು ದಿನ ಸೊಂಟ ನೆಟ್ಟಗಾಗಿರಲಿಲ್ಲ. ಅದಾದ ಮೇಲೆ ಗಾಡಿ ನಿಂತದ್ದು ಇದು ಮೂರನೆಯ ಸಲ.

"ಸೂಪರ್‌ವೈಸರ್ ಏನಂದ?"

"ಇವತ್ತಿಗೆ ಬಿಟ್ಟಿದೀನಿ, ನಾಳೆ ನಿಂತ್ರೆ ರೂಟು ಬೇರೆಯವರಿಗೆ ಕೊಡ್ತೀನಿ ಅಂದ." ಆಮೇಲೆ, "ಅಮ್ಮ, ಬೇಜಾರು ಮಾಡ್ಕೋಬೇಡ. ದೊಡ್ಡ ವರ್ಕ್‌ಶಾಪಲ್ಲಿ ತೋರಿಸಿಬಿಡ್ಲಾ?"

ಬೇಜಾರಾಗಲಿಲ್ಲ ಎಂದರೆ ಸುಳ್ಳಾದೀತು. ಆ ರೂಟು ಹಿಡಿಯಲು ಅವಳು ಒಂದು ವರ್ಷ ಬೇರೆಯವರ ಗಾಡಿ ಓಡಿಸಿದ್ದಳು. ಅದು ಕೈತಪ್ಪುವುದಾದರೆ ನನ್ನ ಕೈಯಿಂದಲೇ ತಪ್ಪುವುದು.

"ಅಲ್ಲೇ ಇರು. ಕೀ ಮುಟ್ಬೇಡ. ಅದು ತಣ್ಣಗಾಗೋದ್ರೊಳಗೆ ಬರ್ತೀನಿ."

ಸ್ಕೂಟರಿನಲ್ಲಿ ಕಾಲ ಬಳಿ ಉಪಕರಣದ ಚೀಲ ಇಟ್ಟುಕೊಂಡು ಹೊರಟೆ.

ಗ್ಯಾರೇಜು ನನ್ನ ಗಂಡನದು. ಹತ್ತೊಂಬತ್ತು ವರ್ಷ ಅವರು ಗಾಡಿಯ ಕೆಳಗೆ, ನಾನು ಡ್ರೈವರ್ ಸೀಟಿನಲ್ಲಿ. ಕೆಳಗಿನಿಂದ "ಹಾಕು" ಎಂದರೆ ಕೀ ತಿರುಗಿಸಬೇಕು, "ಬಿಡು" ಎಂದರೆ ಆಫ್ ಮಾಡಬೇಕು. ಕೆಲವು ದಿನ ನಮ್ಮಿಬ್ಬರ ನಡುವೆ ಬೇರೆ ಮಾತೇ ಇರುತ್ತಿರಲಿಲ್ಲ. ಅದರಿಂದ ಕೊರತೆಯೂ ಅನಿಸುತ್ತಿರಲಿಲ್ಲ. ನೋಡಿ ನೋಡಿ ಕೆಲಸ ಕಲಿತೆ. ಅವರು ತೀರಿಹೋದ ಮೇಲೆ ಕೆಳಗೆ ಮಲಗುವವಳು ನಾನಾದೆ. ಸೀಟು ಖಾಲಿಯಾಯಿತು.

ಕೀ ಆನ್ ಮಾಡಿದಾಗ ಟ್ಯಾಂಕಿನೊಳಗಿನ ಪಂಪು ಗುಂಯ್ ಎನ್ನುವುದು ಎರಡೇ ಸೆಕೆಂಡು. ಎಂಜಿನ್ ಶುರುವಾಗದಿದ್ದರೆ ಅಷ್ಟಕ್ಕೇ ಸುಮ್ಮನಾಗುತ್ತದೆ. ಒಬ್ಬರು ಕೀ ತಿರುಗಿಸಬೇಕು, ಇನ್ನೊಬ್ಬರು ಟ್ಯಾಂಕಿಗೆ ಕಿವಿಯಿಡಬೇಕು. ಸದ್ದಿಲ್ಲದಿದ್ದರೆ ಪಂಪಿನ ತಂತಿಗೆ ಟೆಸ್ಟ್ ಲ್ಯಾಂಪ್ ಹಿಡಿದು ಕರೆಂಟು ಬರುತ್ತಿದೆಯೇ ನೋಡಬೇಕು. ಅದು ಉರಿಯುವುದೂ ಅದೇ ಎರಡು ಸೆಕೆಂಡು. ಎಲ್ಲವೂ ಇಬ್ಬರ ಕೆಲಸ.

ಮೂರು ವಾರದ ಹಿಂದೆ ಮೊದಲ ಸಲ ಟ್ರಕ್ಕು ನಿಂತದ್ದು ನಮ್ಮ ಗ್ಯಾರೇಜು ಶೆಡ್ಡಿನ ಹಿಂದಿನ ಬೀದಿಯಲ್ಲೇ. ಬಿಸಿ ಬಿಸಿಯಾಗಿಯೇ ತಳ್ಳಿಕೊಂಡು ಬಂದು ಒಳಗೆ ನಿಲ್ಲಿಸಿ ಮಗಳು ಬೇರೆ ಗಾಡಿಯಲ್ಲಿ ಬ್ರೆಡ್ಡು ಸಾಗಿಸಲು ಓಡಿದ್ದಳು. ನಾನು ಕೀ ತಿರುಗಿಸಿ, ಇಳಿದು, ಓಡಿ, ಮಂಡಿಯೂರಿ ಕಿವಿಯಿಟ್ಟೆ. ಸದ್ದಿಲ್ಲ. ಮತ್ತೊಮ್ಮೆ ಹಾಗೇ ಮಾಡಿದೆ. ಸದ್ದಿಲ್ಲ. ಪಂಪು ಸತ್ತಿದೆ ಎಂದುಕೊಂಡೆ. ಲ್ಯಾಂಪ್ ಹಿಡಿಯಲೇ ಇಲ್ಲ.

ಈಗ ಹೋಗಿ ನೋಡಿದರೆ ಗೋದಾಮಿನ ಉದ್ದನೆಯ ಗೋಡೆಯ ಪಕ್ಕ ಟ್ರಕ್ಕು ನಿಂತಿತ್ತು. ಮಗಳು ಫುಟ್‌ಪಾತಿನಲ್ಲಿ ಬ್ರೆಡ್ಡಿನ ಖಾಲಿ ಟ್ರೇ ಬೋರಲು ಹಾಕಿ ಕೂತಿದ್ದಳು. ಮುಖ ಕೆಂಪಗಾಗಿತ್ತು.

"ಎಷ್ಟು ಹೊತ್ತಾಯ್ತು?"

"ಹದಿನೈದು ನಿಮಿಷ. ಇನ್ನೂ ಮೂರು ಅಂಗಡಿ ಬಾಕಿ."

"ಸೀಟು ಹತ್ತಿ ಕೂರು. ನಾನು ಹೇಳಿದಾಗ ಕೀ ಹಾಕು. ಸ್ಟಾರ್ಟ್ ಮಾಡ್ಬೇಡ, ಆನ್ ಮಾತ್ರ."

ರಟ್ಟು ಹಾಸಿ ಕೆಳಗೆ ಜಾರಿದೆ. ಟ್ಯಾಂಕಿಗೆ ಕಿವಿಯಿಟ್ಟೆ.

"ಹಾಕು."

ಮೇಲೆ ಟಕ್ ಎಂದಿತು. ಟ್ಯಾಂಕಿನಲ್ಲಿ ಏನೂ ಇಲ್ಲ.

"ಬಿಡು."

ಪಂಪಿನ ತಂತಿಗೆ ಲ್ಯಾಂಪ್ ಚುಚ್ಚಿದೆ. "ಹಾಕು." ಉರಿಯಲಿಲ್ಲ. ಪಂಪಿಗೆ ಕರೆಂಟೇ ಬರುತ್ತಿಲ್ಲ. ಹಾಗಾದರೆ ನಾನು ಕಿತ್ತು ಬಿಸಾಡಿದ ಹಳೆಯ ಪಂಪು ಚೆನ್ನಾಗಿಯೇ ಇತ್ತು.

ತಂತಿಯ ಜಾಡು ಹಿಡಿದು ಹಿಂದಕ್ಕೆ ತೆವಳಿದೆ. ಹಿಂಬದಿಯಲ್ಲಿ ನೇತುಬಿಟ್ಟ ಸ್ಟೆಪ್ನಿಯ ಮೇಲೆ, ಚಾಸಿಸ್ಸಿನ ಕಬ್ಬಿಣಕ್ಕೆ ಅಂಗೈಯಷ್ಟು ಅಗಲದ ಅಲ್ಯೂಮಿನಿಯಂ ಡಬ್ಬಿಯೊಂದನ್ನು ಎರಡು ಬೋಲ್ಟಿನಿಂದ ಬಿಗಿದಿದ್ದರು. ಪಂಪಿಗೆ ಎಷ್ಟು ಕರೆಂಟು ಹೋಗಬೇಕೆಂದು ತೀರ್ಮಾನಿಸುವ ಮಾಡ್ಯೂಲ್ ಅದು. ಸ್ಟೆಪ್ನಿ ಇಳಿಸದೆ ಅದರ ಮುಖ ಕಾಣುವುದಿಲ್ಲ, ಕೈ ಮಾತ್ರ ಹೋಗುತ್ತದೆ. ಒಳಬರುವ ತಂತಿಗೆ ಲ್ಯಾಂಪ್ ಹಿಡಿದೆ.

"ಹಾಕು."

ಉರಿಯಿತು. ಮತ್ತೆ ಕೀ ಹಾಕಿಸಿ ಹೊರಹೋಗುವ ತಂತಿಗೆ ಹಿಡಿದೆ. ಉರಿಯಲಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ಡಬ್ಬಿಗೆ ಮೆಲ್ಲಗೆ ಒಂದು ಬಡಿದು, "ಇನ್ನೊಂದ್ಸಲ ಹಾಕು" ಎಂದೆ.

ಲ್ಯಾಂಪ್ ಕಣ್ಣು ಮಿಟುಕಿಸಿತು. ಟ್ಯಾಂಕಿನೊಳಗೆ ಗುಂಯ್ ಎಂದಿತು. ಎರಡೇ ಸೆಕೆಂಡು.

"ಅಮ್ಮ? ಏನಾಯ್ತು?"

"ಸಿಕ್ಕಿದ ಕಳ್ಳ," ಎಂದೆ.

ಅರ್ಧ ಗಂಟೆಗೆ ಗಾಡಿ ತಾನಾಗಿ ಎದ್ದಿತು. ಉಳಿದ ಮೂರು ಅಂಗಡಿಗೆ ಬ್ರೆಡ್ಡು ಇಳಿಸಿ ಅವಳು ಶೆಡ್ಡಿಗೆ ಬಂದಳು. ಅಷ್ಟರಲ್ಲಿ ನಾನು ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಹೊಸ ಮಾಡ್ಯೂಲ್ ತಂದಿಟ್ಟಿದ್ದೆ.

ಬ್ಯಾಟರಿಯ ತಂತಿ ಬಿಚ್ಚಿ, ಸ್ಟೆಪ್ನಿ ಇಳಿಸಿದೆವು. ಒಂದು ಬೋಲ್ಟು ಬಂತು. ಇನ್ನೊಂದು ತುಕ್ಕು ಹಿಡಿದು ಹಟ ಮಾಡಿತು. ಎಣ್ಣೆ ಬಿಟ್ಟು ಕಾದು, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಇಬ್ಬರೂ ಎಳೆದೆವು.

"ನಿನ್ನ ಹಾಗೇ ಇದೆ ಈ ಬೋಲ್ಟು," ಎಂದಳು ಮಗಳು.

"ಬಾಯಿ ಮುಚ್ಕೊಂಡು ಎಳಿ."

ಡಬ್ಬಿ ಕೈಗೆ ಬಂತು. ಮುಂಭಾಗ ಹೊಸದರಂತಿತ್ತು. ತಿರುಗಿಸಿದರೆ, ಕಬ್ಬಿಣಕ್ಕೆ ಅಂಟಿಕೊಂಡಿದ್ದ ಬೆನ್ನು ಬಿಳಿ ಪುಡಿಯಾಗಿ ಉದುರಿತು. ಕಿರುಬೆರಳು ತೂರುವಷ್ಟು ತೂತು. ವರ್ಷಗಟ್ಟಲೆ ನೀರು, ಕೆಸರು ಆ ಸಂದಿಯಲ್ಲಿ ಕೂತು ತಿಂದಿದ್ದವು. ಬಿಸಿಯೇರಿದಾಗಲೆಲ್ಲ ಒಳಗಿನ ಸಂಪರ್ಕ ತಪ್ಪುತ್ತಿತ್ತು. ಹೊಸದನ್ನು ಹಾಗೆಯೇ ಬಿಗಿದರೆ ಅದಕ್ಕೂ ಇದೇ ಗತಿ. ಉದ್ದನೆಯ ಬೋಲ್ಟು ಹುಡುಕಿ, ಒಂದೊಂದಕ್ಕೂ ನಾಲ್ಕು ವಾಷರ್ ಪೋಣಿಸಿ, ಡಬ್ಬಿಗೂ ಕಬ್ಬಿಣಕ್ಕೂ ನಡುವೆ ಗಾಳಿಯಾಡುವಷ್ಟು ಜಾಗ ಬಿಟ್ಟು ಕೂರಿಸಿದೆ.

ಮಗಳು ಹಳೆಯ ಡಬ್ಬಿಯನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದಳು.

"ಪಂಪ್ ಹಾಕ್ದಾಗ ಯಾರು ಕೀ ತಿರುಗಿಸಿದ್ರು?"

ನಾನು ವಾಷರ್ ಡಬ್ಬಿಯ ಮುಚ್ಚಳ ಹಾಕಿದೆ. "ಯಾರೂ ಇಲ್ಲ."

"ಪಕ್ಕದಲ್ಲೇ ಟೈರ್ ಮಾಮ ಇದಾರಲ್ಲ."

ಪಕ್ಕದ ಪಂಕ್ಚರ್ ಅಂಗಡಿಯವನನ್ನು ನಾನು ಟೈರಣ್ಣ ಎನ್ನುತ್ತೇನೆ. ಗಂಡ ಹೋದ ಮೊದಲ ಆರು ತಿಂಗಳು ಕರೆಯದೆಯೂ ಬರುತ್ತಿದ್ದ. ನಾನೇ ನಿಲ್ಲಿಸಿದ್ದು.

"ಕರೆದ್ರೆ ಬರ್ತಾನೆ. ಬಂದು ಆ ಸೀಟಲ್ಲಿ ಕೂತು ಒಂದು ಅಯ್ಯೋ ಪಾಪ ಮುಖ ಮಾಡ್ತಾನೆ ಕಣೇ. ಅದು ನನಗಾಗಲ್ಲ."

"ನನ್ನ ಕರೀಬಹುದಿತ್ತು."

"ನಿಂಗೆ ರೂಟಿತ್ತು."

"ಅಮ್ಮ, ಎರಡು ಸೆಕೆಂಡು." ಅಷ್ಟೇ ಹೇಳಿದಳು. ಆಮೇಲೆ ಸೀಟು ಹತ್ತಿ ಕೂತು, ನಾನು ಹೇಳುವ ಮೊದಲೇ ಕೀ ಮೇಲೆ ಕೈಯಿಟ್ಟು ಕಾದಳು.

ಗುಂಯ್ ಎಂದಿತು. ಒಂದು ಗಂಟೆ ಎಂಜಿನ್ ಓಡಿಸಿಟ್ಟೆವು. ಹೇರ್ ಡ್ರೈಯರ್ ತಂದು ಮಾಡ್ಯೂಲಿಗೆ ಬಿಸಿಗಾಳಿ ಬಿಟ್ಟೆವು. ನಿಲ್ಲಲಿಲ್ಲ. ಹೊರಡುವಾಗ ಅವಳು, "ನಿಂತ್ರೆ ಫೋನ್ ಮಾಡ್ತೀನಿ" ಎಂದಳು. ನಿಲ್ಲದಿದ್ದರೆ ಮಾಡುವೆಯಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಮರುದಿನ ಹತ್ತೂವರೆಯಿಂದಲೇ ಫೋನನ್ನು ಕೆಲಸದ ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟಿದ್ದೆ. ಹನ್ನೊಂದಾಯಿತು. ಹನ್ನೊಂದೂ ಕಾಲಾಯಿತು. ಬಿಸಿಲು ತಗಡಿನ ಮೇಲೆ ಚಟಚಟ ಎನ್ನುತ್ತಿತ್ತು. ಹನ್ನೆರಡಾದರೂ ಫೋನು ಬಾಯಿ ಬಿಡಲಿಲ್ಲ. ಊಟದ ಡಬ್ಬಿ ಬಿಚ್ಚಿ ಒಬ್ಬಳೇ ಉಂಡೆ. ಮೂರು ವಾರದಲ್ಲಿ ಅವಳು ನನಗೆ ಫೋನ್ ಮಾಡಿದ್ದೆಲ್ಲ ಗಾಡಿ ನಿಂತಾಗಲೇ. ಇನ್ನು ಗಾಡಿ ನಿಲ್ಲುವುದಿಲ್ಲ. ಒಳ್ಳೆಯದೇ ಆಯಿತು ಎಂದು ಜೋರಾಗಿಯೇ ಹೇಳಿಕೊಂಡೆ. ಶೆಡ್ಡಿನಲ್ಲಿ ಕೇಳುವವರು ಇರಲಿಲ್ಲ.

ಎರಡು ಗಂಟೆಗೆ ಒಬ್ಬರು ಹಳೆಯ ವ್ಯಾನು ತಂದು ಬಿಟ್ಟುಹೋದರು. ಶುರುವಾಗುವುದಿಲ್ಲ. ಕೀ ತಿರುಗಿಸಿ ಅಭ್ಯಾಸಬಲದಿಂದ ಇಳಿದು ಓಡಲು ಒಂದು ಕಾಲು ಹೊರಗಿಟ್ಟೆ. ಅಲ್ಲೇ ನಿಂತೆ. ಕೈ ಒರೆಸಿಕೊಂಡು ಪಕ್ಕದ ಅಂಗಡಿಗೆ ಹೋದೆ.

"ಟೈರಣ್ಣ, ಎರಡು ನಿಮಿಷ ಬಂದು ಕೀ ತಿರುಗಿಸ್ತೀಯಾ?"

ಅವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲೇ ಬಿಟ್ಟು ಎದ್ದ. ಮುಖ ನೋಡದೆ ಮುಂದೆ ನಡೆದೆ. ಸೀಟಿನಲ್ಲಿ ಕೂತು ಅವನು, "ಅಕ್ಕ, ಈ ವ್ಯಾನಿಗಿಂತ ನನ್ನಜ್ಜಿ ಬೇಗ ಏಳ್ತಿದ್ಲು," ಎಂದ.

ನಾನು ರಟ್ಟು ಹಾಸಿ ಕೆಳಗೆ ಜಾರಿದೆ. ಟ್ಯಾಂಕಿಗೆ ಕಿವಿಯಿಟ್ಟೆ. ಎರಡು ವರ್ಷದಿಂದ ಮಗಳನ್ನು ಬಿಟ್ಟರೆ ಯಾರ ಮೇಲೂ ಬಳಸದ ದನಿಯನ್ನು ಸ್ವಲ್ಪ ಸರಿಮಾಡಿಕೊಂಡು, "ಹಾಕು" ಎಂದೆ.