ಗುಂಡಿ ಕಟ್ಟಿದ ಡಬ್ಬಿಗಳು

ಉಪ್ಪಿಗಿಂತ ರುಚಿಯಿಲ್ಲ, ಡಬ್ಬಿ ಯಾವುದೋ ಗೊತ್ತಿಲ್ಲ. ಗಾದೆ ಹೀಗಿಲ್ಲ ಎಂದು ಹಿರಿಯರು ಮುನಿಸಿಕೊಳ್ಳಬಾರದು. ಗಾದೆಯ ಉಳಿದರ್ಧ ಯಾವುದೋ ಡಬ್ಬಿಯ ಹಿಂದೆ ಬಿದ್ದುಹೋಗಿದೆ, ಹುಡುಕುತ್ತಿದ್ದೇವೆ. ಕಥೆ ಮಾತ್ರ ಸತ್ಯವಾದದ್ದು. ಹಳೆಯ ಹಿಟ್ಟಿನಲ್ಲಿ ಹುಳು ಇರುವಷ್ಟೇ ಸತ್ಯ.

ಒಂದು ಮನೆ. ಮುಂದಿನ ಕೋಣೆ ಸೊಸೆಯ ಟೈಲರ್ ಅಂಗಡಿ, ಅದರ ಹಿಂದೆ ಅಡುಗೆಮನೆ, ನಡುವೆ ಒಂದು ಪರದೆ. ಪರದೆಯ ಈಚೆ ಸೊಸೆ ಕಣ್ಣುಮುಚ್ಚಿ ಕೈ ಚಾಚಿದರೂ ನೀಲಿ ದಾರದ ರೀಲು ಸಿಗುತ್ತಿತ್ತು. ಪರದೆಯ ಆಚೆ ಅದೇ ಸೊಸೆ ಕಣ್ಣರಳಿಸಿ ಹುಡುಕಿದರೂ ಸಾಸಿವೆ ಸಿಗುತ್ತಿರಲಿಲ್ಲ. ಗೋಡೆಯುದ್ದಕ್ಕೂ ಐದು ಸಾಲು ಕಪಾಟು. ಬಿಸ್ಕತ್ತಿನ ಡಬ್ಬಿಯಲ್ಲಿ ಬೇಳೆ, ಹಾಲಿನ ಪುಡಿಯ ಡಬ್ಬಿಯಲ್ಲಿ ಮೆಣಸಿನ ಪುಡಿ, ಮೆಣಸಿನ ಪುಡಿ ಎಂದು ಬರೆದಿದ್ದರಲ್ಲಿ ಸೂಜಿ. ಹೊಸದಾಗಿ ಬಂದ ಪ್ಯಾಕೆಟ್ಟುಗಳು ಮುಂದೆ ನಿಲ್ಲುತ್ತಿದ್ದವು. ಹಳೆಯವು ಶಾಲೆಯ ಕೊನೆಯ ಬೆಂಚಿನವರಂತೆ ಹಿಂದೆ ಹಿಂದೆ ಸರಿದು ಕತ್ತಲಲ್ಲಿ ಕೂತಿದ್ದವು.

ಆ ಮನೆಯ ಅತ್ತೆ ಮೂವತ್ತು ವರ್ಷ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗಿದವರು. ಬೀದಿಗೆಲ್ಲ ಅವರು ಮೈಕಮ್ಮ. ಕೆಲಸ ಬಿಟ್ಟರೂ ಮೈಕು ಗಂಟಲಿನಿಂದ ಇಳಿದಿರಲಿಲ್ಲ. ಕಂಡಕ್ಟರು, ಕಡಲೆ ಮಾರುವವನು, ಮಗನ ಗೊರಕೆ, ಯಾವುದನ್ನು ಬೇಕಾದರೂ ಅಣಕಿಸುತ್ತಿದ್ದರು. ಕಣ್ಣು ಮಾತ್ರ ಈಚೆಗೆ ಮಂಜಾಗಿತ್ತು. ಆದರೂ ಬೆಳಗಿನ ಚಹಾ ಅವರದೇ ಕೈಯದು. ಸಕ್ಕರೆ ಡಬ್ಬಿಯ ಮುಚ್ಚಳದಲ್ಲಿ ಒಂದು ನೆಗ್ಗು ಇತ್ತು. ಬೆರಳಿಗೆ ಆ ನೆಗ್ಗು ತಾಗಿದರೆ ಸಾಕು, ಕಣ್ಣಿನ ಹಂಗೇ ಇರಲಿಲ್ಲ.

ಕೊನೆಗೆ ಆ ನೆಗ್ಗೇ ಕೈಕೊಟ್ಟಿತು. ಒಂದು ಸಂಜೆ ಬಟ್ಟೆ ಒಗೆಯುವ ಸೋಡಾದ ಪ್ಯಾಕೆಟ್ಟು ಒಡೆದು ಚೆಲ್ಲಿತು. ಸೊಸೆಗೆ ಅವಸರ, ಅಂಗಡಿಯಲ್ಲಿ ಶಾಲೆಯ ಸಮವಸ್ತ್ರಗಳ ರಾಶಿ ಕಾಯುತ್ತಿತ್ತು. ಸಕ್ಕರೆ ಮುಗಿದು ಖಾಲಿಯಾಗಿದ್ದ ಡಬ್ಬಿ ಕೈಗೆ ಸಿಕ್ಕಿತು, ಸೋಡಾ ಸುರಿದು ಮುಚ್ಚಿದಳು. ಅತ್ತೆಗೆ ಹೇಳಬೇಕೆಂದುಕೊಂಡವಳು ಮರೆತಳು. ಮರುದಿನ ಬೆಳಿಗ್ಗೆ ಮೈಕಮ್ಮನ ಬೆರಳು ನೆಗ್ಗನ್ನು ಹುಡುಕಿಕೊಂಡು ಹೋಯಿತು. ಎರಡು ಚಮಚ ಮಗನ ಲೋಟಕ್ಕೆ ಬಿತ್ತು.

ಮಗ ಮನೆಮನೆ ತಿರುಗಿ ಕರೆಂಟಿನ ಮೀಟರು ಓದುವವನು. ಒಂದು ಗುಟುಕು ಬಾಯಿಗಿಟ್ಟವನು ಹಾಗೇ ಉಗಿದ. ನಾಲಿಗೆ ಉರಿ, ತುಟಿ ಉರಿ. ಗದ್ದಲ ಕೇಳಿ ಪಕ್ಕದ ಮನೆಯಾಕೆ ಓಡಿಬಂದಳು. ಆಕೆ ಆಸ್ಪತ್ರೆಯ ಔಷಧಿ ಸ್ಟೋರು ನೋಡಿಕೊಳ್ಳುವವಳು. ಮನೆಯ ಬೆಕ್ಕಿಗೂ ಚೀಟಿ ಅಂಟಿಸಿಯಾಳು ಎಂದು ಬೀದಿಯವರು ಆಕೆಗೆ ಲೇಬಲಕ್ಕ ಅನ್ನುತ್ತಿದ್ದರು.

"ವಾಂತಿ ಮಾಡಿಸ್ಬೇಡಿ. ನೀರಲ್ಲಿ ಬಾಯಿ ಮುಕ್ಕಳಿಸ್ಲಿ. ಆ ಡಬ್ಬೀನೂ ಜೊತೆಗೆ ತಗೊಳ್ಳಿ, ಡಾಕ್ಟ್ರಿಗೆ ತೋರಿಸ್ಬೇಕು," ಎಂದು ಆಟೋ ಹತ್ತಿಸಿದಳು.

ನುಂಗಿರಲಿಲ್ಲವಾದ್ದರಿಂದ ಬಚಾವಾದ. ಮೂರನೆಯ ದಿನ ಮೀಟರು ಓದಲು ಹೊರಟೂಬಿಟ್ಟ. ಸುಧಾರಿಸದೆ ಉಳಿದವರು ಮೈಕಮ್ಮ.

"ಅತ್ತೆ, ಇನ್ಮೇಲೆ ನೀವು ಒಲೆ ಹತ್ರ ಬರ್ಬೇಡಿ. ಕೂತಲ್ಲಿಗೇ ಚಹಾ ತಂದ್ಕೊಡ್ತೀನಿ," ಎಂದಿದ್ದಳು ಸೊಸೆ. ಬೈದು ಹೇಳಿದ ಮಾತಲ್ಲ, ಹೆದರಿ ಹೇಳಿದ್ದು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೆದರಿದವಳಿಗೆ ಏನು ಹೇಳುವುದು? ಮೈಕಮ್ಮ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ತಂದುಕೊಟ್ಟದ್ದನ್ನು ಕುಡಿದರು. ಸಕ್ಕರೆ ಸರಿಯಾಗಿತ್ತು, ರುಚಿ ಇರಲಿಲ್ಲ. ಅಣಕ ನಿಂತುಹೋಯಿತು. ಮಗನ ಗೊರಕೆಯನ್ನು ಕೇಳುವವರಿಲ್ಲದಂತಾಯಿತು.

ವಾರ ಕಳೆದ ಮೇಲೆ ಲೇಬಲಕ್ಕ ಅಂಗಿಯೊಂದರ ತೋಳು ಗಿಡ್ಡ ಮಾಡಿಸಲು ಬಂದಳು.

"ಏನು ಮೈಕಮ್ಮ, ನಿಲ್ದಾಣ ಬಂದ್ ಆಗಿದ್ಯಾ?"

"ಮೂವತ್ತು ವರ್ಷ ಬಸ್ಸಿಗೆಲ್ಲ ದಾರಿ ಹೇಳ್ದೆ ಕಣಮ್ಮ. ಈಗ ಸಕ್ಕರೆ ಡಬ್ಬಿಗೇ ದಾರಿ ತಪ್ತು. ಇವಳು ಒಳಗೆ ಬಿಡಲ್ಲ ಅಂತಾಳೆ. ಬಿಟ್ರೂ ನನ್ನ ಕೈಗೇ ಧೈರ್ಯ ಇಲ್ಲ."

ಲೇಬಲಕ್ಕ ಸೊಸೆಯ ಕಡೆ ತಿರುಗಿದಳು. "ನನ್ನ ಸ್ಟೋರಲ್ಲಿ ಸಿರಪ್ ಬಾಟ್ಲಿಗೆ ಫಿನಾಯಿಲ್ ತುಂಬಿಟ್ರೆ ಯಾರನ್ನ ಮನೆಗೆ ಕಳಿಸ್ತಾರೆ ಹೇಳು. ತುಂಬಿದೋಳ್ನೋ, ಕುಡಿಸಿದೋಳ್ನೋ?"

ಹೊಲಿಗೆ ಮಿಷನ್ನು ನಿಂತಿತು. "ತಪ್ಪು ನಂದೇ ಅಕ್ಕ. ಅದಕ್ಕೇ ಭಯ. ಆದ್ರೆ ಮನೆ ಅಂದ್ರೆ ಆಸ್ಪತ್ರೆನಾ? ಅಲ್ಲಿರೋ ಒಂದೊಂದು ಡಬ್ಬೀನೂ ನನ್ನ ತಲೇಲಿದೆ."

"ತಲೆ ನಿನ್ನ ಹೆಗಲ ಮೇಲಿರತ್ತೆ, ಡಬ್ಬಿ ಅತ್ತೆ ಕೈಯಲ್ಲಿರತ್ತೆ. ಗಿರಾಕಿ ಬಟ್ಟೆ ಬಂದ್ರೆ ಹೆಸರು, ತಾರೀಕು ಬರೆದು ಚೀಟಿ ಚುಚ್ತೀಯ. ಹೊಟ್ಟೆಗೆ ಹೋಗೋದಕ್ಕೆ ಚೀಟಿ ಬೇಡ್ವಾ?"

"ಬಟ್ಟೆ ಅದಲುಬದಲಾದ್ರೆ ಗಿರಾಕಿ ಜಗಳಕ್ಕೆ ಬರ್ತಾನೆ."

"ಬೇಳೆ ತಾನೇ ಬರಲ್ಲ ಪಾಪ. ಹುಳುಗಳನ್ನ ಕಳಿಸತ್ತೆ."

"ನಮ್ಮನೇಲಿ ಹುಳ ಗಿಳ ಇಲ್ಲ. ಹಳೇದು ಉಳಿದ್ರೆ ತಾನೇ? ಎಲ್ಲಾ ಮುಗಿದಿದೆ. ಭಾನುವಾರ ಬೇಳೆ, ಕಡಲೆ, ಹಿಟ್ಟು, ಉಪ್ಪು, ಎಲ್ಲಾ ತರಿಸ್ಬೇಕು."

ಮಾತು ಮುಗಿಯಿತೆಂಬಂತೆ ಮಿಷನ್ನು ಮತ್ತೆ ಗಡಗಡ ಎಂದಿತು. ಮೈಕಮ್ಮ ಲೇಬಲಕ್ಕನ ಸೆರಗು ಜಗ್ಗಿದರು. ಕಣ್ಣು ಮಂಜಾಗಿದ್ದರೂ ಹುಬ್ಬು ಚುರುಕಾಗೇ ಇತ್ತು. "ಎಲ್ಲಾ ತಲೇಲಿದೆಯಂತೆ. ನೋಡೇ ಬಿಡೋಣ," ಎಂದು ಪಿಸುಗುಟ್ಟಿದರು.

ಗುಟ್ಟಿಗೆ ಮಗನೂ ಸೇರಿಕೊಂಡ. ಭಾನುವಾರ ಅವನು ಅಂಗಡಿಯ ಚೀಟಿ ಹಿಡಿದು, ಚೀಲ ಕೊಡವಿ, ಎಲ್ಲರಿಗೂ ಕೇಳುವಂತೆ ಚಪ್ಪಲಿ ಸದ್ದು ಮಾಡಿ ಮುಂಬಾಗಿಲಿನಿಂದ ಹೊರಟ. ಗಲ್ಲಿ ಸುತ್ತಿ ಹಿತ್ತಿಲ ಬಾಗಿಲಿಗೆ ಬಂದ. ಒಳಗೆ ಅಡುಗೆಮನೆಯಲ್ಲಿ ಲೇಬಲಕ್ಕ ಸ್ಟೂಲು ಹತ್ತಿ ಕಪಾಟಿನ ಹಿಂದಿನ ಸಾಲಿಗೆ ಕೈಹಾಕಿ ಒಂದೊಂದೇ ಪ್ಯಾಕೆಟ್ಟು ಇಳಿಸಿದಳು. ಬೇಳೆ ಇತ್ತು. ಕಡಲೆ ಇತ್ತು. ಉಪ್ಪು ಏಳು ಪ್ಯಾಕೆಟ್ಟು ಇತ್ತು. ಮೈಕಮ್ಮ ಚೀಲ ತುಂಬಿದರು. ಮಿಷನ್ನಿನ ಸದ್ದಿನಲ್ಲಿ ಯಾವ ಸದ್ದೂ ಕೇಳಲಿಲ್ಲ. ಮಗ ಮತ್ತೆ ಗಲ್ಲಿ ಸುತ್ತಿ, ಇಲ್ಲದ ಬೆವರು ಒರೆಸಿಕೊಳ್ಳುತ್ತ ಮುಂಬಾಗಿಲಿಗೆ ಬಂದ.

ಸೊಸೆ ಕಡಲೆಯನ್ನು ಅಂಗೈಗೆ ಸುರಿದು ನೋಡಿದಳು. "ಈ ಸಲ ಎಷ್ಟು ದಪ್ಪ ಕಾಳು ಕೊಟ್ಟಿದ್ದಾನೆ ನೋಡ್ರೀ. ನಮ್ಮಲ್ಲಿದ್ದದ್ದು ಸೊರಗಿತ್ತು."

ಮಗ ನಗು ತಡೆಯಲು ಎರಡು ಲೋಟ ನೀರು ಕುಡಿದ.

ಎರಡನೆಯ ಭಾನುವಾರವೂ ಅದೇ ಪ್ರಯಾಣ. ಮೂರನೆಯ ಭಾನುವಾರ ಹಿಟ್ಟಿನ ಪ್ಯಾಕೆಟ್ಟು ಕತ್ತರಿಸಿದರೆ ಒಳಗೆ ಹುಳುಗಳು ಸಂಸಾರ ಹೂಡಿದ್ದವು. ಸೊಸೆಯ ಮುಖ ಕೆಂಪಾಯಿತು. "ಇಂಥದನ್ನ ಮಾರ್ತಾನಾ? ಇವತ್ತು ಅವನ ಅಂಗಡಿ ಮುಂದೆ ನಿಂತು ಬೀದಿಗೆಲ್ಲ ಕೇಳೋ ಹಾಗೆ ಕೇಳ್ತೀನಿ," ಎಂದು ಪ್ಯಾಕೆಟ್ಟು ಹಿಡಿದು ಚಪ್ಪಲಿ ಮೆಟ್ಟತೊಡಗಿದಳು.

ಮಗ ಬೆಪ್ಪಾದ. ಪಾಪದ ಅಂಗಡಿಯವನಿಗೆ ಮಾಡದ ತಪ್ಪಿಗೆ ಮಂಗಳಾರತಿ ಆಗುವುದರಲ್ಲಿತ್ತು. ಆಗ ಬಾಗಿಲ ಪಕ್ಕದ ಕುರ್ಚಿಯಿಂದ, ಒಂದು ತಿಂಗಳಿಂದ ಮೌನವಾಗಿದ್ದ ಮೈಕು ಮಾತಾಡಿತು.

"ಪ್ರಯಾಣಿಕರು ದಯವಿಟ್ಟು ಗಮನಿಸಿ. ಐದನೇ ಸಾಲಿನ ಹಿಂಭಾಗದಿಂದ ಹೊರಟು, ಹಿತ್ತಿಲ ಬಾಗಿಲ ಮಾರ್ಗವಾಗಿ, ಮುಂಬಾಗಿಲಿಗೆ ಬಂದು ಸೇರಿರುವ ಹಿಟ್ಟಿನ ಪ್ಯಾಕೆಟ್ಟು ಒಂದು ವರ್ಷ ತಡವಾಗಿ ಚಲಿಸುತ್ತಿದೆ. ಇದೇ ಮಾರ್ಗದಲ್ಲಿ ಬಂದ ದಪ್ಪ ಕಾಳಿನ ಕಡಲೆಯೂ ಸ್ವಂತ ಮನೆಯದೇ. ಪ್ರಯಾಣಿಕರಿಗೆ ಆದ ತೊಂದರೆಗೆ ವಿಷಾದಿಸುತ್ತೇವೆ."

ಸೊಸೆ ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು, ಹಾಗೇ ನಿಂತಳು. ಪ್ಯಾಕೆಟ್ಟು ತಿರುಗಿಸಿ ತಾರೀಕು ಓದಿದಳು. ಗಂಡನ ಮುಖ ನೋಡಿದಳು. "ಮೂರು ವಾರ?" ಎಂದಳು. ಒಳಗೆ ಹೋಗಿ ಸ್ಟೂಲು ಹತ್ತಿ ಕಪಾಟಿನ ಹಿಂದೆ ಇಣುಕಿದಳು. ಬಹಳ ಹೊತ್ತು ಇಳಿಯಲಿಲ್ಲ.

ಮೈಕಮ್ಮ ಕುರ್ಚಿಯಿಂದ ಎದ್ದರು. ಅಣಕ ಅತಿಯಾಯಿತೇನೋ ಎಂದುಕೊಂಡು ಗೋಡೆ ಹಿಡಿದು ಒಳಗೆ ಹೋದರು. "ಬೇಜಾರಾಯ್ತಾ ಮಗಳೇ?"

"ನಮ್ಮಮ್ಮ ಖಾಲಿ ಡಬ್ಬಿ ಮುಚ್ಚಳಾನ ಸದ್ದಾಗದ ಹಾಗೆ ಮುಚ್ತಿದ್ಳು ಅತ್ತೆ. ನಮಗೆ ಗೊತ್ತಾಗ್ಬಾರ್ದು ಅಂತ. ನನಗೆ ಗೊತ್ತಾಗ್ತಿತ್ತು," ಎಂದಳು ಸೊಸೆ ಮೇಲಿನಿಂದಲೇ. "ಅದಕ್ಕೇ ಮುಂದಿನ ಸಾಲು ಸ್ವಲ್ಪ ತೆಳ್ಳಗಾದ್ರೂ ಜೀವ ಹಾರತ್ತೆ, ತರಿಸ್ಬಿಡ್ತೀನಿ. ಹಿಂದೆ ಇಷ್ಟೆಲ್ಲಾ ಇದೆ ಅಂತ ನೋಡಿದ್ರೆ ತಾನೇ."

ಮೈಕಮ್ಮ ಕೈ ಚಾಚಿ ಸಿಕ್ಕಿದ್ದನ್ನು ಹಿಡಿದರು. ಸಿಕ್ಕಿದ್ದು ಸೊಸೆಯ ಹಿಮ್ಮಡಿ. "ತುಂಬಿದ ಮನೇನ ನೀನು ಖಾಲಿ ಅಂದ್ಕೊಂಡೆ. ನಾನು ಸೋಡಾನ ಸಕ್ಕರೆ ಅಂದ್ಕೊಂಡೆ. ಇಬ್ರಿಗೂ ಕಣ್ಣು ಕಾಣಲ್ಲ ಬಿಡು. ಇಳಿ ಕೆಳಗೆ."

ಆ ದಿನ ಟೈಲರ್ ಅಂಗಡಿ ಮುಚ್ಚಿತು. ಕಪಾಟು ಪೂರ್ತಿ ಖಾಲಿಯಾಗಿ ನೆಲದ ಮೇಲೆ ಹರಡಿಕೊಂಡಿತು. ಲೇಬಲಕ್ಕ ಹೇಳಿದಳು, ಮಗ ಹೊತ್ತ. ಹುಳು ಬಿದ್ದದ್ದು, ಮುಗ್ಗಿದ್ದು ಹೊರಗೆ. ಹಲಗೆ ಒರೆಸಿ, ಒಣಗಿಸಿ, ಭಾರದ ಅಕ್ಕಿ, ಹಿಟ್ಟು ಕೆಳಗಿನ ಸಾಲಿಗೆ, ನೆಲಕ್ಕೆ ತಾಗದ ಹಾಗೆ. ದಿನಾ ಬೇಕಾದ್ದು ಕೈಯೆತ್ತರಕ್ಕೆ. "ನನ್ನ ಸ್ಟೋರಿನ ನಿಯಮ ಒಂದೇ. ಮೊದಲು ಬಂದವರು ಮೊದಲು ಹೊರಡ್ಬೇಕು. ಹಳೇದು ಮುಂದೆ, ಹೊಸದು ಹಿಂದೆ," ಎಂದಳು ಲೇಬಲಕ್ಕ. "ಗೊತ್ತು ಬಿಡಕ್ಕ, ಬಟ್ಟೆ ಡೆಲಿವರಿ ಕೊಡೋ ಹಾಗೇ," ಎಂದು ಸೊಸೆ ಬಟ್ಟೆಗೆ ಚುಚ್ಚುವ ಚೀಟಿಗಳನ್ನೇ ತಂದು ಹೆಸರು, ತಾರೀಕು ಬರೆದು ಡಬ್ಬಿಗಳಿಗೆ ಅಂಟಿಸಿದಳು. ಬಟ್ಟೆ ಸೋಡಾ, ಫಿನಾಯಿಲು, ಇಲಿ ಪಾಷಾಣ ಅಡುಗೆಮನೆ ದಾಟಿ ಹಿತ್ತಿಲ ಗೂಡು ಸೇರಿದವು. ತಮ್ಮ ತಮ್ಮ ಪ್ಯಾಕೆಟ್ಟಿನಲ್ಲೇ, ಬೀಗದೊಳಗೆ. ನೆಗ್ಗು ಡಬ್ಬಿ ಅವತ್ತಿಗೇ ನಿವೃತ್ತಿಯಾಯಿತು.

ಎಲ್ಲ ಮುಗಿದ ಮೇಲೆ ಸೊಸೆ ತನ್ನ ಗುಂಡಿಗಳ ಪೆಟ್ಟಿಗೆ ತಂದು ಅತ್ತೆಯ ಮುಂದೆ ಕೂತಳು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ದಪ್ಪ ದಾರಕ್ಕೆ ಗುಂಡಿ ಪೋಣಿಸಿ ಡಬ್ಬಿಗಳ ಕೊರಳಿಗೆ ಬಿಗಿದಳು. "ಒಂದು ಗುಂಡಿ ಉಪ್ಪು. ಎರಡು ಗುಂಡಿ ಸಕ್ಕರೆ. ಈ ಕೋಟಿನ ದೊಡ್ಡ ಗುಂಡಿ ಚಹಾಪುಡಿ. ಬಿಚ್ಚೋದು, ಬದಲಾಯಿಸೋದು ನಿಮ್ಮನ್ನ ಕೇಳ್ದೆ ಮಾಡಲ್ಲ. ನಾಳೆ ಚಹಾ ನೀವೇ ಮಾಡ್ಬೇಕು."

ಮರುದಿನ ಬೆಳಿಗ್ಗೆ ಮೈಕಮ್ಮನ ಬೆರಳು ಎರಡು ಗುಂಡಿಗಳನ್ನು ಎರಡು ಸಲ ಎಣಿಸಿತು. ಮೊದಲ ಗುಟುಕು ಸೊಸೆಯೇ ಕುಡಿದಳು. "ಅತ್ತೆ, ಸಕ್ಕರೆ ಒಂಚೂರು ಜಾಸ್ತಿ," ಎಂದಳು. ಅದಕ್ಕಿಂತ ದೊಡ್ಡ ಪ್ರಶಸ್ತಿ ಮೈಕಮ್ಮನಿಗೆ ಬೇಕಿರಲಿಲ್ಲ.

ಅಕ್ಕ, ಅಣ್ಣ, ಈಗ ನಿಮ್ಮ ಸರದಿ. ಈ ಕಾಗದ ಮಡಚಿಡುವ ಮುಂಚೆ ಎದ್ದು ನಿಮ್ಮ ಕಪಾಟಿನ ಹಿಂದಿನ ಸಾಲಿಗೆ ಒಮ್ಮೆ ಕೈಹಾಕಿ. ತಿನ್ನುವ ಡಬ್ಬಿಗೆ ತಿನ್ನಬಾರದ್ದನ್ನು ಒಂದು ಗಳಿಗೆಗೂ ತುಂಬಬೇಡಿ. ಹೆಸರು, ತಾರೀಕು ಬರೆಯಿರಿ. ಅಂಗಡಿಯ ಚೀಟಿಯನ್ನು ಕಪಾಟಿನ ಮುಂದೆ ನಿಂತೇ ಬರೆಯಿರಿ. ನಿಮ್ಮ ಮನೆಯಲ್ಲಿ ಕಣ್ಣು ಮಂಜಾದವರು, ಓದಲು ಬಾರದವರು ಇದ್ದರೆ ಅವರ ಬೆರಳಿಗೂ ಅರ್ಥವಾಗುವ ಗುರುತು ಕಟ್ಟಿ. ಒಬ್ಬರ ತಲೆಯಲ್ಲಿರುವ ಅಡುಗೆಮನೆ ಎಲ್ಲರ ಕೈಗೂ ಸಿಗಲಿ.

ಕಥೆ ಮುಗಿಯಿತೇ? ಇಲ್ಲ, ಉಪ್ಪು ಬಾಕಿ ಇದೆ. ಏಳು ಪ್ಯಾಕೆಟ್ಟು ಕರಗಿ, ಎಷ್ಟೋ ತಿಂಗಳ ಮೇಲೆ ಒಂದು ಭಾನುವಾರ ಸೊಸೆ ಗಂಡನ ಕೈಗೆ ಚೀಟಿ ಕೊಟ್ಟಳು. ಅದರಲ್ಲಿದ್ದದ್ದು ಒಂದೇ ಪದ, ಉಪ್ಪು. ಅವನು ಚಪ್ಪಲಿ ಸದ್ದು ಮಾಡುತ್ತ ಮುಂಬಾಗಿಲಿನಿಂದ ಹೊರಟದ್ದೇ ತಡ, ಈ ಸಲ ಮೋಸ ಹೋಗುವವಳಲ್ಲ ಎಂದು ಸೊಸೆ ಓಡಿಹೋಗಿ ಹಿತ್ತಿಲ ಬಾಗಿಲ ಹಿಂದೆ ಪೊರಕೆ ಹಿಡಿದು ಅಡಗಿ ಕೂತಳು. ಐದು ನಿಮಿಷವಾಯಿತು, ಹದಿನೈದು ನಿಮಿಷವಾಯಿತು. ಕಾಲು ಜೋಮು ಹಿಡಿಯಿತು. ಆಗ ಒಳಗಿನಿಂದ ಮೈಕು ಕೇಳಿಸಿತು.

"ಹಿತ್ತಿಲ ನಿಲ್ದಾಣದಲ್ಲಿ ಪೊರಕೆ ಸಮೇತ ಕಾಯುತ್ತಿರುವ ಪ್ರಯಾಣಿಕರ ಗಮನಕ್ಕೆ. ಉಪ್ಪು ನಿಜವಾದ ಅಂಗಡಿಯಿಂದ, ಮುಂಬಾಗಿಲಿಗೇ ಬಂದು ನಿಂತಿದೆ."

ಲೇಬಲಕ್ಕ ಗೋಡೆಯಾಚೆಯಿಂದ ನಕ್ಕಳು, ಮಗ ಚೀಲ ಹಿಡಿದೇ ನಕ್ಕ, ಮೈಕಮ್ಮ ಕಣ್ಣೊರೆಸಿಕೊಂಡು ನಕ್ಕರು. ಆದರೆ ಬೀದಿಯ ಕೊನೆಯ ಮನೆಯವರೆಗೂ ಕೇಳಿಸಿದ್ದು ಪೊರಕೆ ಬಿಸುಟು, ಜೋಮು ಹಿಡಿದ ಕಾಲು ಚಾಚಿ, ಹಿತ್ತಿಲ ಮೆಟ್ಟಿಲ ಮೇಲೆ ಕೂತುಬಿಟ್ಟ ಸೊಸೆಯ ನಗು.