ಸ್ಟೇರಿಂಗ್ ಕೆಳಗಿನ ಪುಟ್ಟ ಡಬ್ಬಿ

ಕಾರಿನ ಬಾಗಿಲು ಹಾಕಿದ್ದೀರಿ, ಕೀ ನಿಮ್ಮ ಕೈಯಲ್ಲೇ ಇದೆ. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಲಾಕ್ ತೆರೆದಿದೆ. ಆಗ ಏನು ಮಾಡುತ್ತೀರಿ? ಮರೆವು ಜಾಸ್ತಿಯಾಯಿತು ಎಂದು ನಿಮ್ಮನ್ನೇ ಬೈದುಕೊಳ್ಳುತ್ತೀರಿ. ನರ್ಸಮ್ಮನೂ ಎರಡು ಸಲ ಹಾಗೇ ಬೈದುಕೊಂಡರು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರಿಗೆ ಇಂಜೆಕ್ಷನ್ ಕೊಟ್ಟು ಬರುವುದು ಅವರ ಕೆಲಸ. ಮೂರನೇ ಸಲ ಹಿಂದಿನ ಸೀಟಿನ ಮೇಲಿದ್ದ ಔಷಧಿ ಚೀಲವೇ ಮಾಯವಾಯಿತು. ಪೊಲೀಸರಿಗೆ ದೂರು ಕೊಟ್ಟು, ನರ್ಸಮ್ಮ ಸೀದಾ ತಮ್ಮ ಕಾರು ನೋಡಿಕೊಳ್ಳುವ ಮೇಸ್ತ್ರಿಯ ಗ್ಯಾರೇಜಿಗೆ ಬಂದರು.

ಮೇಸ್ತ್ರಿ ಅಂದರೆ ಸಾಮಾನ್ಯ ಆಸಾಮಿಯಲ್ಲ. ಬಾನೆಟ್ ಎತ್ತದೆ, ಬರೀ ಕಿವಿಗೊಟ್ಟು, ಮೂರನೇ ಸಿಲಿಂಡರ್ ಮುನಿಸಿಕೊಂಡಿದೆ ಎಂದು ಹೇಳಬಲ್ಲವರು. "ಮೂವತ್ತು ವರ್ಷ ಆಯ್ತು, ಒಂದು ಗಾಡೀನೂ ಅದೇ ದೂರಿಗೆ ವಾಪಸ್ ಬಂದಿಲ್ಲ" ಎಂಬ ಮಾತನ್ನು ದಿನಕ್ಕೆ ನಾಲ್ಕು ಸಲವಾದರೂ ಹೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ವಾಹನಗಳ ಕಂಪ್ಯೂಟರ್ ಕೆಲಸ ಕಲಿತು ಬಂದ ಮಗಳು ಅದೇ ಗ್ಯಾರೇಜಿನ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡಿದ್ದಳು. ಕೈಗೆ ಎಣ್ಣೆ ಹತ್ತದ ಕೆಲಸವೂ ಒಂದು ರಿಪೇರಿಯಾ ಎಂದು ಅಪ್ಪ ಕೊಂಕು ಮಾತಾಡುತ್ತಿದ್ದರು. ಮಗಳು ನಕ್ಕು ತನ್ನ ಕೆಲಸ ಮುಂದುವರಿಸುತ್ತಿದ್ದಳು.

"ಲಾಕ್ ಸವೆದಿರಬೇಕು ಬಿಡಿ, ಹೊಸದು ಹಾಕ್ತೀನಿ" ಎಂದರು ಮೇಸ್ತ್ರಿ.

ಮಗಳು ಕಾರಿನೊಳಗೆ ಬಗ್ಗಿ ನೋಡಿ ಹೊರಗೆ ಬಂದಳು. "ಲಾಕ್ ಚೆನ್ನಾಗೇ ಇದೆ ಅಪ್ಪ. ಯಾರೋ ಹೊರಗಿಂದ ತೆಗಿ ಅಂದಿರಬೇಕು, ಕಾರು ತೆಗೆದಿದೆ."

"ಕಾರೇನು ಸಾಕಿದ ನಾಯೀನಾ, ಹೇಳಿದ್ದು ಕೇಳೋಕೆ?"

"ಈಗಿನ ಕಾರಲ್ಲಿ ಹತ್ತಾರು ಸಣ್ಣ ಕಂಪ್ಯೂಟರ್ ಇರುತ್ತೆ. ಬಾಗಿಲಿಗೊಂದು, ಬ್ರೇಕಿಗೊಂದು, ಎಂಜಿನ್ನಿಗೊಂದು. ಒಂದೇ ಮನೆಯ ವಾರಗಿತ್ತಿಯರ ಹಾಗೆ ಇಡೀ ದಿನ ಒಂದಕ್ಕೊಂದು ಸುದ್ದಿ ಹೇಳ್ತಾ ಇರ್ತವೆ. ನಡುವೆ ಹೊರಗಿನವನೊಬ್ಬ ದನಿ ಸೇರಿಸಿದ್ರೆ ಎಷ್ಟೋ ಕಾರಿಗೆ ಗೊತ್ತೇ ಆಗಲ್ಲ."

"ಹೊರಗಿನವನು ಒಳಗೆ ಬರೋದು ಹೇಗಮ್ಮ?" ಎಂದರು ನರ್ಸಮ್ಮ.

"ತೋರಿಸ್ತೀನಿ" ಎಂದಳು ಮಗಳು. ನರ್ಸಮ್ಮನ ಒಪ್ಪಿಗೆ ಕೇಳಿ, ಅಪ್ಪನನ್ನು ನಿಂತ ಕಾರಿನೊಳಗೆ ಕೂರಿಸಿ, ಬಾಗಿಲೆಲ್ಲ ಲಾಕ್ ಮಾಡಿಸಿ, ಕೀಯನ್ನೂ ಅವರ ಕೈಗೇ ಕೊಟ್ಟಳು. ತಾನು ರಸ್ತೆ ದಾಟಿ ಎದುರಿನ ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಫೋನ್ ತೆಗೆದಳು. ಮೇಸ್ತ್ರಿ ಕಿಟಕಿಯಿಂದ ಅವಳನ್ನೇ ನೋಡುತ್ತ ಮೀಸೆಯಡಿ ನಗುತ್ತಿದ್ದರು. ಟಕ್ ಎಂದಿತು. ನಾಲ್ಕೂ ಬಾಗಿಲ ಲಾಕ್ ಒಟ್ಟಿಗೆ ತೆರೆದುಕೊಂಡವು. ಮೀಸೆಯಡಿಯ ನಗು ಅಲ್ಲೇ ಉಳಿಯಿತು, ಏನು ಮಾಡಬೇಕೆಂದು ಅದಕ್ಕೂ ತಿಳಿಯಲಿಲ್ಲ.

ಮಗಳು ಮರಳಿ ಬಂದು, ಸ್ಟೇರಿಂಗ್ ಕೆಳಗಿನ ಕಿಂಡಿಯಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದನ್ನು ಕಿತ್ತು ಅಂಗೈ ಮೇಲಿಟ್ಟಳು. "ಇದರ ಮೂಲಕ. ಆ ಕಂಪ್ಯೂಟರುಗಳ ಮಾತಿಗೆ ಫೋನನ್ನ ಸೇರಿಸೋ ಡಬ್ಬಿ ಇದು. ಪಾಸ್‌ವರ್ಡ್ ಒಂದು ಎರಡು ಮೂರು ನಾಲ್ಕು. ಕದ್ದವರು ಇದರಿಂದಲೇ ಬಂದ್ರು ಅಂತ ನಾನು ಆಣೆ ಮಾಡಿ ಹೇಳಲ್ಲ. ಬರಬಹುದಿತ್ತು ಅನ್ನೋದನ್ನ ಈಗ ನೀವೇ ನೋಡಿದ್ರಿ."

"ಇದನ್ನ ಹಾಕಿದ್ದು ಯಾರು?" ಎಂದು ಕೇಳಿದರು ನರ್ಸಮ್ಮ. "ಆ ಚೀಲ ಹೋಗಿದ್ದಕ್ಕೆ ಒಬ್ಬ ಅಜ್ಜಿಗೆ ಇನ್ಸುಲಿನ್ ಎರಡು ಗಂಟೆ ತಡವಾಯ್ತು. ಅಷ್ಟರಲ್ಲಿ ಅವರ ಸಕ್ಕರೆ ವಿಪರೀತ ಏರಿತ್ತು."

ಮಗಳು ತಲೆ ತಗ್ಗಿಸಿ ಕೈ ಒರೆಸಿಕೊಳ್ಳತೊಡಗಿದಳು, ಕೈಗೆ ಏನೂ ಹತ್ತಿರಲಿಲ್ಲ.

"ನಾನೇ" ಎಂದರು ಮೇಸ್ತ್ರಿ.

ನಂಬಿ ಬರುವ ಹಳೇ ಗಿರಾಕಿಗಳಿಗೆ ಆ ಡಬ್ಬಿ ಅವರ ಪ್ರೀತಿಯ ಉಡುಗೊರೆ. ಎಂಜಿನ್ನಿನ ಬಿಸಿ, ಬ್ಯಾಟರಿಯ ಬಲ ಎಲ್ಲ ಮೊಬೈಲಿನಲ್ಲೇ ಕಾಣುತ್ತದೆ ಎಂದು ಬಿಟ್ಟಿಯಾಗಿ ಸಿಕ್ಕಿಸಿ ಕಳಿಸುತ್ತಿದ್ದರು. ಗಾಡಿ ಸರ್ವೀಸಿಗೆ ಬಂದಾಗ ತಮ್ಮ ಫೋನಿನಲ್ಲೂ ಅದರ ಜಾತಕ ಸುಲಭವಾಗಿ ತೆರೆಯಲಿ ಎಂದು ಪಾಸ್‌ವರ್ಡ್ ಬದಲಿಸಿರಲಿಲ್ಲ. ಹೀಗೆ ಮೂವತ್ತೇಳು ಕಾರು, ಮೂವತ್ತೇಳಕ್ಕೂ ಒಂದೇ ಬೀಗದ ಕೈ.

ನರ್ಸಮ್ಮ ಏನೂ ಬೈಯಲಿಲ್ಲ. ಬೈದಿದ್ದರೆ ಮೇಸ್ತ್ರಿಗೆ ಹಗುರವಾಗುತ್ತಿತ್ತೇನೋ. ಮೇಸ್ತ್ರಿ ಸ್ಟೂಲಿನ ಮೇಲೆ ಕುಸಿದು ಕೂತರು. "ಇನ್ಮೇಲೆ ಯಾರಿಗೂ ಹಾಕಲ್ಲ. ಸಾಕಲ್ವಾ?"

"ಈಗಾಗಲೇ ಓಡಾಡ್ತಿರೋ ಕಾರುಗಳು?" ಎಂದಳು ಮಗಳು.

"ಒಬ್ಬೊಬ್ಬರನ್ನೂ ಕರೆಸಿ ನಾನು ತಪ್ಪು ಮಾಡಿದೆ ಅಂದ್ರೆ ನನ್ನ ಹೆಸರು ಏನಾಗುತ್ತೆ ಮಗಳೇ?"

ಮಗಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. "ನಿಮ್ಮ ಹೆಸರು ನಂಬಿಯೇ ತಾನೆ ಅವರು ಹಾಕಿಸ್ಕೊಂಡಿದ್ದು?"

ಮೇಸ್ತ್ರಿ ಎದ್ದು ಹರಡಿದ್ದ ಸ್ಪ್ಯಾನರುಗಳನ್ನು ಒಂದೊಂದಾಗಿ ಗೋಡೆಗೆ ನೇತುಹಾಕಿದರು. ಆಮೇಲೆ ಕೈ ತೊಳೆದುಕೊಂಡು ಬಂದು ಫೋನ್ ಎತ್ತಿಕೊಂಡರು. ಮೊದಲ ಮೂರು ಕರೆಗಳಲ್ಲಿ ಮನೆಮಂದಿಯ ಕ್ಷೇಮವೆಲ್ಲ ಕೇಳಿ ಸುತ್ತಿಬಳಸಿ ವಿಷಯಕ್ಕೆ ಬಂದರು. ನಾಲ್ಕನೆಯದರಿಂದ ಮಾತು ನೆಟ್ಟಗಾಯಿತು: "ತಪ್ಪು ನಂದು. ಗಾಡಿ ತಗೊಂಡು ಬನ್ನಿ, ಮಗಳು ಸರಿ ಮಾಡಿಕೊಡ್ತಾಳೆ."

ಅಷ್ಟರಲ್ಲಿ ಮಗಳು ನರ್ಸಮ್ಮನ ಕಾರಿನ ಕಂಪ್ಯೂಟರ್ ಪರದೆ ನೋಡುತ್ತಿದ್ದಳು. "ಸಾಫ್ಟ್‌ವೇರ್ ಅಪ್‌ಡೇಟ್ ಬಂದು ನಾಲ್ಕು ತಿಂಗಳಾಗಿದೆ. ಆಮೇಲೆ, ಆಮೇಲೆ ಅಂತ ಒತ್ತಿಬಿಟ್ಟಿದ್ದೀರಲ್ಲ?"

"ಓಡೋ ಗಾಡೀನ ಕೆಣಕಬೇಡಿ ಅಂತ ನಿಮ್ಮಪ್ಪನೇ ಹೇಳಿದ್ರು."

ಮೇಸ್ತ್ರಿ ಫೋನಿಗೆ ಕೈ ಅಡ್ಡ ಹಿಡಿದು, "ಅದನ್ನೂ ನನ್ನ ಲೆಕ್ಕಕ್ಕೇ ಹಾಕಿ" ಎಂದರು. ಬಂದಾಗಿನಿಂದ ಮೊದಲ ಬಾರಿಗೆ ನರ್ಸಮ್ಮ ನಕ್ಕರು.

"ಕಾರಿನ ಸಾಫ್ಟ್‌ವೇರಲ್ಲಿ ತೂತು ಕಂಡಾಗ ಕಂಪನಿಯವರು ಕಳಿಸೋ ತೇಪೆ ಇದು" ಎಂದಳು ಮಗಳು. "ಹಚ್ಚಿಸಿಕೊಳ್ಳದಿದ್ರೆ ತೂತು ಹಾಗೇ ಉಳಿಯುತ್ತೆ. ಆದ್ರೆ ಕಾರಿನ ಪರದೆಯಿಂದ, ಇಲ್ಲಾ ಕಂಪನಿಯ ಸರ್ವೀಸ್ ಕೇಂದ್ರದಿಂದ ಮಾತ್ರ. ಯಾರೋ ಮೊಬೈಲಿಗೆ ಕಳಿಸಿದ ಲಿಂಕ್ ಒತ್ತಬೇಡಿ."

ಹದಿನೈದು ದಿನದಲ್ಲಿ ಮೂವತ್ತೇಳು ಕಾರುಗಳೂ ಬಂದವು. ಇಬ್ಬರು ಗೊಣಗಿದರು, ಒಬ್ಬರು ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ಹೇಳಿ ಹೋದರು. ಒಂದು ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಹಳೇ ಮಾಲೀಕರ ಫೋನ್ ಇನ್ನೂ ಕಾರಿಗೆ ಜೋಡಿಸಿದ ಫೋನುಗಳ ಪಟ್ಟಿಯಲ್ಲೇ ಇತ್ತು. ಮಾರಿ ವರ್ಷವಾದರೂ ಮನೆಯಲ್ಲಿ ಕೂತೇ ಬಾಗಿಲು ತೆರೆಯುವ ಅಧಿಕಾರ ಅವರಿಗಿತ್ತು, ಪಾಪ, ಅವರಿಗೇ ಅದು ಗೊತ್ತಿರಲಿಲ್ಲ. ಮಗಳು ಅದನ್ನೂ ಅಳಿಸಿದಳು. ಕಿತ್ತ ಡಬ್ಬಿಗಳೆಲ್ಲ ಹಳೇ ಎಣ್ಣೆ ಡಬ್ಬದೊಳಗೆ ಸೇರಿದವು. ಅದರ ಮುಂದಿನ ವಾರವೇ ನರ್ಸಮ್ಮ ಅಕ್ಕಪಕ್ಕದ ಮನೆಯ ಮೂವರನ್ನು ಅವರ ಕಾರುಗಳ ಸಮೇತ ಕರೆದುಕೊಂಡು ಬಂದರು. "ತಪ್ಪು ಮಾಡಿ ತಾನೇ ಫೋನ್ ಮಾಡೋ ಮೇಸ್ತ್ರಿ ಇವರೊಬ್ಬರೇ" ಎಂದು ಅವರಿಗೆ ಪರಿಚಯ ಮಾಡಿಕೊಟ್ಟರು.

ಮೇಸ್ತ್ರಿ ಈಗಲೂ ದಿನಕ್ಕೆ ನಾಲ್ಕು ಸಲ ಜಂಬ ಕೊಚ್ಚುತ್ತಾರೆ. ಮಾತು ಮಾತ್ರ ಬದಲಾಗಿದೆ. ಎಣ್ಣೆ ಡಬ್ಬವನ್ನು ಗಲಗಲ ಅಲ್ಲಾಡಿಸಿ ಹೇಳುತ್ತಾರೆ: "ಮೂವತ್ತೇಳು ಗಾಡಿ ವಾಪಸ್ ಬಂದ್ವು. ಕರೆಸಿದ್ದು ನಾನು. ನನ್ನ ತಪ್ಪು ಹಿಡಿದಿದ್ದು ನನ್ನ ಮಗಳು." ಕೊನೆಯ ಮಾತು ಹೇಳುವಾಗ ಅವರ ಎದೆ ಉಬ್ಬುತ್ತದೆ, ಮೂಲೆಯ ಮೇಜಿನ ಹಿಂದೆ ಒಂದು ತಲೆ ನಾಚಿಕೊಂಡು ಪರದೆಯ ಹಿಂದೆ ಮರೆಯಾಗುತ್ತದೆ.

ಅಣ್ಣಂದಿರೇ, ಅಕ್ಕಂದಿರೇ, ಈ ಹಾಳೆ ಪಕ್ಕಕ್ಕಿಟ್ಟು ಈಗಲೇ ಎದ್ದು ಹೋಗಿ ನಿಮ್ಮ ಕಾರಿನ ಸ್ಟೇರಿಂಗ್ ಕೆಳಗೆ ಬಗ್ಗಿ ನೋಡಿ. ಯಾರು ಸಿಕ್ಕಿಸಿದ್ದೆಂದು ಗೊತ್ತಿಲ್ಲದ ಡಬ್ಬಿ ಇದ್ದರೆ ತಿಳಿದವರಿಂದ ತೆಗೆಸಿ. ಗೊತ್ತಿದ್ದವರೇ ಹಾಕಿದ್ದರೂ ಅದರ ಪಾಸ್‌ವರ್ಡ್ ಏನೆಂದು ಕೇಳಿ. ಬಂದ ಅಪ್‌ಡೇಟನ್ನು ನಾಳೆಗೆ ತಳ್ಳಬೇಡಿ. ಕಾರು ಕೊಳ್ಳುವಾಗಲೂ ಮಾರುವಾಗಲೂ ಹಳೇ ಫೋನುಗಳನ್ನು ಅದರ ಪಟ್ಟಿಯಿಂದ ಅಳಿಸಿ. ನಿಮ್ಮ ಮೇಸ್ತ್ರಿಗೆ ಈ ವಿಷಯ ಗೊತ್ತಿಲ್ಲದಿದ್ದರೆ ಸಂಕೋಚಪಡದೆ ಹೇಳಿ. ಒಳ್ಳೆಯ ಮೇಸ್ತ್ರಿಯಾಗಿದ್ದರೆ ಖಂಡಿತ ಕೇಳುತ್ತಾರೆ.